ಎದುರುಗಾಳಿಯ ಎರಡು ಗಂಟೆ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆ ಸುಳ್ಳಾದರೂ ನಮ್ಮ ವಿಮಾನದ ವೇಳಾಪಟ್ಟಿ ಸುಳ್ಳಾಗದು ಎಂದು ನಂಬಿದವರೊಬ್ಬರ ನಿಜ ಕತೆ ಇದು. ಎಫ್‌ಐಆರ್ ಆದ ಕತೆಯಾದ್ದರಿಂದ ಅನುಮಾನ ಬೇಡ.

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದವರು ವಿಮಾನ ಸಂಸ್ಥೆಯ ಯಜಮಾನರು. ಹಿಂದಿನ ದಿನ ಸಮುದ್ರದಾಚೆಯ ನಿಲ್ದಾಣದಿಂದ ತಮ್ಮದೇ ವಿಮಾನದಲ್ಲಿ ಮರಳುತ್ತಿದ್ದರಂತೆ. ಹೊರಟು ಸರಿಯಾಗಿ ಒಂಬತ್ತು ಗಂಟೆ ಕಳೆದಾಗ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ದನಿ: “ಸಂಸ್ಥೆಯ ಪಟ್ಟಿಯ ಪ್ರಕಾರ ನಾವು ತಲುಪಿದ್ದೇವೆ. ದಯವಿಟ್ಟು ಇಳಿಯಿರಿ.”

ಕೆಳಗೆ ಸಮುದ್ರ. ಪ್ರಯಾಣಿಕರು ಕಿಟಕಿ ನೋಡಿ ನಕ್ಕರು. ಕೈಗಡಿಯಾರ ನೋಡಿ, ಪೆಟ್ಟಿಗೆ ಹಿಡಿದು ಬಾಗಿಲ ಬಳಿ ನಿಂತವರು ಒಬ್ಬರೇ: ಯಜಮಾನರು.

ಇನ್‌ಸ್ಪೆಕ್ಟರ್ ಮುಖ ಗಂಟಿಕ್ಕಿಕೊಂಡೇ ದೂರು ಬರೆದುಕೊಂಡರು. ನಗು ತಡೆಯಲು ಅವರಿಗೆ ಬೇರೆ ದಾರಿಯಿರಲಿಲ್ಲ.

ಹನ್ನೆರಡಕ್ಕೆ ವಿಮಾನದೊಳಗೆ ಪಂಚನಾಮೆ. ಆ ದನಿ ಕೇಳಿದ ಹೊತ್ತಿನಲ್ಲಿ ಕ್ಯಾಪ್ಟನ್ ಬಾಯಿತುಂಬ ಊಟವಿತ್ತೆಂದು ಸಹ ಪೈಲಟ್ ಸಾಕ್ಷಿ ಹೇಳಿದ. ಪ್ರಕಟಣೆ ಹೊರಟಿದ್ದು ಹಿಂಬದಿಯ ಫೋನಿನಿಂದ. ಅಲ್ಲಿದ್ದವರು ಮೂವರು ಗಗನಸಖಿಯರು.

“ದನಿ ಗಂಡಸಿನದು ಸಾರ್, ಹಿಂದಿದ್ದೋರೆಲ್ಲ ಹೆಂಗಸರು,” ಎಂದ ಪೇದೆ.

“ಗಂಟಲಿಗೆ ಮೀಸೆ ಇರತ್ತೇನಯ್ಯಾ?” ಎಂದರು ಇನ್‌ಸ್ಪೆಕ್ಟರ್.

ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕಿರಿಯಳ ಕೈಗೆ ಬ್ಯಾಂಡೇಜು.

“ಕೈಗೇನಾಯ್ತಮ್ಮಾ?”

“ನಿಂತಲ್ಲೇ ತೂಕಡಿಸ್ಬಿಟ್ಟೆ ಸಾರ್. ಕುದಿಯೋ ನೀರು ಬಿತ್ತು.”

“ಯಾರಿಗೂ ಹೇಳ್ಲಿಲ್ವಾ?”

“ಗಿಳಿಯಕ್ಕ ಹೋಗಿ ಕೇಳಿದ್ಲು…” ಹುಡುಗಿ ನಾಲಿಗೆ ಕಚ್ಚಿಕೊಂಡಳು.

“ಗಿಳಿಯಕ್ಕ ಅಂದ್ರೆ ಯಾರು?”

“ನಾನೇ. ಅವಳನ್ನ ಬಿಟ್ಬಿಡಿ,” ಎಂದಿತು ಕ್ಯಾಪ್ಟನ್ ದನಿ. ಪೇದೆ ತಟ್ಟನೆ ಸೆಲ್ಯೂಟ್ ಹೊಡೆದ. ಎದುರಿಗೆ ನಿಂತಿದ್ದವಳು ಮೂವರಲ್ಲಿ ಹಿರಿಯಳು.

ಎರಡು ನಿಲ್ದಾಣಗಳ ನಡುವಿನ ದೂರ ಎತ್ತಲಿಂದ ಅಳೆದರೂ ಒಂದೇ. ಹಾಗಾಗಿ ಪಟ್ಟಿಯಲ್ಲಿ ಹೋಗಲೂ ಒಂಬತ್ತು ಗಂಟೆ, ಬರಲೂ ಒಂಬತ್ತು. ಬರುವಾಗ ಎದುರುಗಾಳಿಗೆ ಹನ್ನೊಂದಾಗುತ್ತದೆಂಬುದು ಪಟ್ಟಿಗೆ ಬೇಡ. ಸಿಬ್ಬಂದಿಗೆ ಸಿಗುವ ವಿಶ್ರಾಂತಿಯ ಲೆಕ್ಕವೂ ಆ ಒಂಬತ್ತು ಗಂಟೆಗೇ. ಕಿರಿಯಳ ಕೈ ಸುಟ್ಟ ವಾರ ಗಿಳಿಯಕ್ಕ ಪಟ್ಟಿ ತಿದ್ದಿಸಿ ಎಂದು ಕೇಳಲು ಯಜಮಾನರ ಕೋಣೆಗೆ ಹೋಗಿದ್ದಳು. ಅವರು ತಲೆಯೆತ್ತಿ ಕೂಡ ನೋಡಿರಲಿಲ್ಲ.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ, ಮಹಿಳಾ ಪೇದೆಯ ಸಮ್ಮುಖದಲ್ಲಿ ಗಿಳಿಯಕ್ಕನ ಬಂಧನ. ಯಜಮಾನರೂ ಬಂದರು.

“ತಪ್ಪಾಯ್ತು ಅನ್ನು, ದೂರು ವಾಪಸ್ ತಗೋತೀನಿ. ಇಲ್ಲಾಂದ್ರೆ ಕೆಲಸನೂ ಹೋಗತ್ತೆ.”

“ಹೋಗ್ಲಿ. ಅನ್ನಲ್ಲ.”

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. “ಯಜಮಾನ್ರೇ, ಹೇಳಿಕೆಗೆ ಒಂದು ಮಾತು ಬೇಕು. ಅಲ್ಲಿಂದ ಇಲ್ಲಿಗೆ ಬರೋಕೆ ಎಷ್ಟು ಗಂಟೆ?”

“ಒಂಬ…” ಯಜಮಾನರು ಅರ್ಧಕ್ಕೇ ನಿಲ್ಲಿಸಿದರು.

“ಹೇಳಿ ಮತ್ತೆ,” ಎಂದಳು ಗಿಳಿಯಕ್ಕ. “ಒಂಬತ್ತಾದ್ರೆ ನಾನು ಹೇಳಿದ್ದು ನಿಜ, ಕೇಸೇ ಇಲ್ಲ. ಹನ್ನೊಂದಾದ್ರೆ ನಿಮ್ಮ ಪಟ್ಟಿ ಸುಳ್ಳು. ಯಾವುದಕ್ಕೆ ಸಹಿ ಹಾಕ್ತೀರಿ?”

ಮಹಿಳಾ ಪೇದೆ ಗೋಡೆ ಕಡೆ ತಿರುಗಿಕೊಂಡಳು. ಯಜಮಾನರು ಪೆನ್ನನ್ನೇ ದಿಟ್ಟಿಸಿದರು.

“ಹನ್ನೊಂದು ಅಂತ್ಲೇ ಬರ್ಕೊಳ್ಳಿ. ಪಟ್ಟೀನೂ ತಿದ್ದಿಸ್ತೀನಿ, ದೂರೂ ವಾಪಸ್ ತಗೋತೀನಿ,” ಎಂದರು ಕೊನೆಗೆ. ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. “ಅಲ್ಲಾ, ಇದನ್ನ ನಂಬ್ಕೊಂಡು ನಾನು ಪೆಟ್ಟಿಗೆ ಸಮೇತ ಸಮುದ್ರಕ್ಕೆ ಇಳಿಯೋಕೆ ಹೊರಟಿದ್ನಲ್ರೀ!”

ತಡೆದಿಟ್ಟ ನಗುವನ್ನೆಲ್ಲ ಠಾಣೆ ಒಮ್ಮೆಲೇ ಬಿಟ್ಟಿತು. ಆದರೆ ಯಜಮಾನರ ನಗುವಿನ ಮುಂದೆ ಅದು ಯಾವುದೂ ಕೇಳಿಸಲಿಲ್ಲ.