ಮಗು ಯಾರ ಜೊತೆಗಿತ್ತು?

“ಅಕ್ಕಾ, ಬಿಡೇ! ಬೆರಳು ಮುರಿದೇ ಹೋಗುತ್ತೆ!”

ಗುಬ್ಬಿ ಎಷ್ಟು ಎಳೆದರೂ ರೀಲು ತಮ್ಮನ ಕೈ ಬಿಡಲಿಲ್ಲ. ಶಾಲೆಯ ಗೇಟು ದಾಟಿ, ಮೆಟ್ಟಿಲು ಹತ್ತಿ, ಎರಡನೇ ಕ್ಲಾಸಿನ ಬಾಗಿಲ ತನಕ ಎಳೆದುಕೊಂಡೇ ಹೋದಳು. ಅವನ ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ದಪ್ಪ. ನೆಲಕ್ಕೆ ಬಿದ್ದಾಗಲೆಲ್ಲ ಟಕ್ ಎನ್ನುತ್ತಿತ್ತು.

“ಬಂದ್ರಪ್ಪಾ, ಪೊಲೀಸೂ ಕಳ್ಳನೂ!” ಎಂದು ಬಾಗಿಲಲ್ಲಿದ್ದ ಹುಡುಗರು ನಕ್ಕರು. ಗುಬ್ಬಿ ಮುಖ ಊದಿಸಿಕೊಂಡು ಒಳಗೆ ಹೋದ.

ರೀಲು ಅಂದರೆ ದಾರದ ರೀಲು. ಅಮ್ಮ ಟೈಲರ್. ಮಗುವಾಗಿದ್ದಾಗ ಇವಳು ದಾರದ ರೀಲು ಕೈಯಲ್ಲಿದ್ದರೆ ಮಾತ್ರ ಮಲಗುತ್ತಿದ್ದಳಂತೆ. ಆ ಹೆಸರೇ ಅಂಟಿಕೊಂಡಿತು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಸುಮ್ಮನೆ ಬಿದ್ದಿದೆ.

ಐದನೇ ಕ್ಲಾಸಿನ ಮುಂದೆ ಮೇಡಂ ಅವಳನ್ನು ತಡೆದು ನಿಲ್ಲಿಸಿದರು.

“ನಿನ್ನನ್ನೇ ಹುಡುಕ್ತಿದ್ದೆ ಕಣೇ. ಶನಿವಾರ ನಮ್ಮ ಶಾಲೆ ಮುಂದಿನ ಹೊಸ ಫುಟ್‌ಪಾತ್ ಓಪನಿಂಗ್. ನಿಮ್ಮಮ್ಮ ಬರ್ತಾರಲ್ಲ, ಅವರ ಪರಿಚಯ ನೀನೇ ಮಾಡ್ಬೇಕು.”

“ನಾನಾ? ಅಮ್ಮ ಎಲ್ಲರಿಗೂ ಗೊತ್ತಲ್ಲ ಮೇಡಂ!”

“ವಾರ್ಡ್ ಮೆಂಬರ್ ಅಂತ ಗೊತ್ತು. ಹೇಗೆ ಮೆಂಬರ್ ಆದ್ರು ಅಂತ ಎಷ್ಟು ಜನಕ್ಕೆ ಗೊತ್ತು? ಟೈಲರ್ ಅಂಗಡಿ, ಕೆಂಪು ಬಾವುಟ, ಎಲೆಕ್ಷನ್ನು, ಎಲ್ಲಾ ಹೇಳು. ಹಾಂ, ಅವರ ಕೈ ತಪ್ಪಿ ಗುಬ್ಬಿ ಮ್ಯಾನ್‌ಹೋಲಿಗೆ ಬಿದ್ದನಲ್ಲ, ಅದನ್ನೂ ಹೇಳು. ಹೋದ ತಿಂಗಳು ಪೋಷಕರ ಮೀಟಿಂಗಿನಲ್ಲಿ ಅವರೇ ಹೇಳಿದ್ರು. ನಮಗೆಲ್ಲ ಕಣ್ಣಲ್ಲಿ ನೀರು ಬಂತು.”

ರೀಲು ತಲೆಯಾಡಿಸಿ ಕ್ಲಾಸಿನೊಳಗೆ ಹೋದಳು. ಅಮ್ಮನ ಕೈ ತಪ್ಪಿ? ಆ ದಿನ ಅಮ್ಮ ಅಲ್ಲಿ ಇರಲೇ ಇಲ್ಲ.

ಅವತ್ತು ಪಾಠ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಮೂರು ವರ್ಷದ ಹಿಂದಿನ ಆ ಸಂಜೆಯೇ ಕಣ್ಣ ಮುಂದೆ ಬರುತ್ತಿತ್ತು. ಆಗ ಅವಳಿಗೆ ಏಳು ವರ್ಷ, ಗುಬ್ಬಿಗೆ ನಾಲ್ಕು. ಅಂಗಡಿಯಿಂದ ಮನೆ ಕೂಗಳತೆಯ ದೂರ. “ತಮ್ಮನ ಕೈ ಬಿಡಬೇಡ” ಎಂದು ಅಮ್ಮ ಮಷಿನ್ನಿನಿಂದ ತಲೆ ಎತ್ತದೆ ಹೇಳಿ ಕಳಿಸಿದ್ದಳು. ಆಗಷ್ಟೇ ಮಳೆ ನಿಂತಿತ್ತು. ಬೀದಿಯಲ್ಲಿ ಅಲ್ಲಲ್ಲಿ ನೀರು. ರೀಲುಗೆ ಜಿಗಿಯುವ ಆಸೆಯಾಯಿತು. ಚೆನ್ನಾಗಿ ಜಿಗಿಯಬೇಕಾದರೆ ಎರಡೂ ಕೈ ಬೀಸಬೇಕು. ಅದಕ್ಕೇ ತಮ್ಮನ ಕೈ ಬಿಟ್ಟಳು. ಒಂದು ಸಲ ಜಿಗಿದಳು, ಎರಡು ಸಲ, ಮೂರು ಸಲ. ತಿರುಗಿ ನೋಡಿದರೆ ತಮ್ಮ ಇಲ್ಲ.

ಆ ನೀರಿನ ಕೆಳಗೆ ಚರಂಡಿಯ ಮ್ಯಾನ್‌ಹೋಲು ಮುಚ್ಚಳವಿಲ್ಲದೆ ಬಾಯಿ ತೆರೆದುಕೊಂಡಿತ್ತು.

ಹಾಲಿನ ವ್ಯಾನಿನ ಡ್ರೈವರ್ ಓಡಿ ಬಂದು ಗುಬ್ಬಿಯನ್ನು ಮೇಲೆಳೆದರು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಏನಾಯಿತೆಂದು ರೀಲುವನ್ನು ಯಾರೂ ಕೇಳಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಪಾಪ, ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಮಾತನ್ನು ಇಟ್ಟುಕೊಂಡೇ ಬೆಳೆದಳು. ಅವತ್ತಿನಿಂದ ಅವಳು ಜಿಗಿದಿದ್ದೂ ಇಲ್ಲ.

ಆದರೆ ಅಮ್ಮ ಯಾಕೆ ಹೀಗೆ ಹೇಳಿದಳು? ಅಮ್ಮ ಸುಳ್ಳು ಹೇಳುವವಳಲ್ಲ. ನಾಳೆ ಕೊಡುತ್ತೇನೆ ಅಂದ ಬಟ್ಟೆಯನ್ನು ನಾಳೆಯೇ ಕೊಡುವ ಟೈಲರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇವಳು ಅಂಥವಳು!

ಸಂಜೆ ರೀಲು ಸೀದಾ ಅಂಗಡಿಗೆ ಹೋದಳು. ಮೆಂಬರ್ ಆದ ಮೇಲೂ ಅಮ್ಮ ಅಂಗಡಿ ಮುಚ್ಚಿಲ್ಲ. ಅಳತೆ ಕೊಡಲು ಬಂದವರು ಬೀದಿ ದೀಪದ ಕತೆ, ನಲ್ಲಿಯ ಕತೆ ಎಲ್ಲ ಹೇಳಿಯೇ ಹೋಗುತ್ತಾರೆ. ಅವತ್ತೂ ಒಬ್ಬರು ಅಜ್ಜಿ ತೋಳು ಚಾಚಿ ನಿಂತಿದ್ದರು.

“ಅಮ್ಮಾ, ಶನಿವಾರ ನಿನ್ನ ಬಗ್ಗೆ ಮಾತಾಡ್ಬೇಕಂತೆ. ಹಳೇ ಕಾಗದ ಎಲ್ಲಿವೆ?”

“ಬಟನ್ ಡಬ್ಬದ ಕೆಳಗೆ ಫೈಲಿದೆ ನೋಡು,” ಎಂದಳು ಅಮ್ಮ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ರೀಲು ಮೂಲೆಯಲ್ಲಿ ಕೂತು ಫೈಲು ಬಿಚ್ಚಿದಳು. ಅಮ್ಮ ಪುರಸಭೆಗೆ ಬರೆದ ಅರ್ಜಿಗಳು, ಅಲ್ಲಿಂದ ಬಂದ ಉತ್ತರಗಳು. ‘ಪರಿಶೀಲಿಸಲಾಗುವುದು.’ ‘ನಮ್ಮ ವಿಭಾಗಕ್ಕೆ ಸೇರಿಲ್ಲ.’ ‘ನಮ್ಮ ವಿಭಾಗಕ್ಕೆ ಸೇರಿಲ್ಲ.’ ಎಲ್ಲಕ್ಕಿಂತ ಕೆಳಗೆ ಮೊದಲನೇ ದೂರಿನ ಫಾರ್ಮು ಇತ್ತು. ಕಾರ್ಬನ್ ಕಾಪಿ, ನೀಲಿ ಅಕ್ಷರ. ಅಮ್ಮನದೇ ಗುಂಡು ಬರಹ. ಗುಂಡಿಯ ಬಾಯಿಯ ಅಳತೆಯನ್ನು ಟೇಪು ಹಿಡಿದು ನೋಡಿಯೇ ಬರೆದಿದ್ದಳು.

ಕೊನೆಯ ಪ್ರಶ್ನೆ ಹೀಗಿತ್ತು: ‘ಅಪಘಾತದ ಸಮಯದಲ್ಲಿ ಮಗು ಯಾರ ಜೊತೆಗಿತ್ತು?’

ಅದರ ಮುಂದೆ ಅಮ್ಮ ‘ಅಕ್ಕನ ಜೊತೆ’ ಎಂದು ಬರೆದಿದ್ದಳು. ಆಮೇಲೆ ಅದರ ಮೇಲೆ ಗೀಟು ಎಳೆದಿದ್ದಳು. ಒಂದಲ್ಲ, ನಾಲ್ಕೈದು ಗೀಟು. ಪಕ್ಕದಲ್ಲಿ ಹೊಸದಾಗಿ ಬರೆದಿತ್ತು: ‘ತಾಯಿಯ ಜೊತೆ.’

ರೀಲು ಅದನ್ನು ಮತ್ತೊಮ್ಮೆ ಓದಿದಳು. ಹಾಗಾದರೆ ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಜ್ಜಿ ಹೋಗುವ ತನಕ ಕಾದಳು. ಆಮೇಲೆ ಫಾರ್ಮನ್ನು ಮಷಿನ್ನಿನ ಮೇಲೆ ಇಟ್ಟಳು. ಅಮ್ಮ ಅದನ್ನು ನೋಡಿದಳು. ಪೆಡಲ್ ನಿಂತಿತು.

“ನಾನು ಕೈ ಬಿಟ್ಟೆ ಅಮ್ಮಾ,” ಎಂದಳು ರೀಲು. ಮೂರು ವರ್ಷದ ಅಳು ಒಟ್ಟಿಗೇ ಬಂತು. “ಜಿಗಿಯೋಕೆ ಬಿಟ್ಟೆ.”

“ಗೊತ್ತು ಪುಟ್ಟಾ. ಆಸ್ಪತ್ರೆಯಲ್ಲಿ ನಿದ್ದೆಗಣ್ಣಲ್ಲಿ ನೀನೇ ಹೇಳ್ದೆ.” ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. “ಎಚ್ಚರವಾದ ಮೇಲೆ ನೀನು ಆ ಮಾತೇ ಎತ್ತಲಿಲ್ಲ. ಕೆದಕೋದು ಬೇಡ, ಮರೆತುಬಿಡ್ತೀಯ ಅಂದ್ಕೊಂಡೆ. ತಪ್ಪಾಯ್ತು.”

“ಮತ್ತೆ ಇದ್ಯಾಕೆ ಹೊಡೆದುಹಾಕ್ದೆ?”

“ಗುಮಾಸ್ತರ ಮುಂದೆ ಕೂತು ಬರೀತಿದ್ದೆ. ಅವರು ಬಗ್ಗಿ ನೋಡಿ, ‘ಓ, ಅಕ್ಕನ ತಪ್ಪು ಅನ್ನಿ’ ಅಂದ್ರು. ಆ ಕಾಗದ ಎಷ್ಟು ಟೇಬಲ್ ಸುತ್ತುತ್ತೆ ಗೊತ್ತಾ? ಟೇಬಲ್ ಟೇಬಲ್‌ನಲ್ಲೂ ನನ್ನ ಮಗಳ ತಪ್ಪು ಅಂತ ಓದ್ಬೇಕಾ? ನನ್ನ ಹೊಟ್ಟೆ ಉರಿದುಹೋಯ್ತು. ಗೀಟು ಎಳೆದೆ.”

“ಆದ್ರೆ ಅದು ಸುಳ್ಳಲ್ವಾ?”

ಅಮ್ಮ ಫಾರ್ಮನ್ನು ಕೈಗೆತ್ತಿಕೊಂಡಳು.

“ಹೌದು, ಸುಳ್ಳೇ. ಆದ್ರೆ ಏಳು ವರ್ಷದವಳ ಕೈಲಿ ನಾಲ್ಕು ವರ್ಷದವನನ್ನ ಕೊಟ್ಟು ಕಳಿಸಿದ್ದು ನಾನಲ್ವಾ? ಮುಚ್ಚಳ ಹಾಕದೆ ಬಿಟ್ಟೋರೂ ಇದ್ರಲ್ವಾ? ಅಷ್ಟು ದೊಡ್ಡ ಆಫೀಸಿನಲ್ಲಿ ಎಲ್ಲಾ ಟೇಬಲ್ಲಿಗೂ ಹೋದೆ. ‘ನಮ್ಮದೇ ತಪ್ಪಮ್ಮ’ ಅಂತ ಒಬ್ರೂ ಅನ್ಲಿಲ್ಲ ಕಣೇ.”

ರೀಲು ಕಣ್ಣು ಒರೆಸಿಕೊಂಡಳು. “ಶನಿವಾರ ನಾನು ಏನು ಹೇಳ್ಲಿ?”

“ಅದನ್ನ ನಾನು ಹೇಳಿಕೊಡಲ್ಲ,” ಎಂದಳು ಅಮ್ಮ. “ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ.”

ಶನಿವಾರ ಶಾಲೆಯ ಅಂಗಳ ತುಂಬಿತ್ತು. ಅಮ್ಮ ಅಂಗಡಿಯಿಂದ ನೇರ ಓಡಿ ಬಂದಿದ್ದಳು. ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ತೆಗೆಯಲು ಮರೆತಿದ್ದಳು, ಯಾರೂ ಹೇಳಲೂ ಇಲ್ಲ.

ರೀಲು ಮೈಕಿನ ಮುಂದೆ ನಿಂತಳು. ಕೈಯಲ್ಲಿ ಬರೆದು ತಂದ ಚೀಟಿಯಿತ್ತು.

“ನಮ್ಮಮ್ಮ ಟೈಲರ್. ನಮ್ಮ ಬೀದಿಯ ಮ್ಯಾನ್‌ಹೋಲಿಗೆ ಮುಚ್ಚಳ ಹಾಕಿ ಅಂತ ಹದಿನೇಳು ಅರ್ಜಿ ಬರೆದಳು. ಯಾರೂ ಹಾಕಲಿಲ್ಲ. ಆಗ ಉಳಿದ ಲೈನಿಂಗ್ ಬಟ್ಟೆಯಲ್ಲಿ ಕೆಂಪು ಬಾವುಟ ಹೊಲಿದು, ವಾರ್ಡಿನಲ್ಲಿ ಎಲ್ಲೆಲ್ಲಿ ಗುಂಡಿ ಇದೆಯೋ ಅಲ್ಲೆಲ್ಲ ನೆಟ್ಟಳು. ನಲವತ್ತೊಂದು ಬಾವುಟ. ಪುರಸಭೆಯವರು ಕಿತ್ತರು. ಇವಳು ಮತ್ತೆ ಹೊಲಿದಳು. ಒಬ್ಬ ಸಾಹೇಬರು ಬಂದು, ‘ನೀವೇನು ವಾರ್ಡ್ ಮೆಂಬರಾ?’ ಅಂತ ಗದರಿದರು. ಅಮ್ಮ, ‘ಅಲ್ಲ ಸಾರ್, ಆಗ್ಬೇಕಾದ್ರೆ ಯಾವ ಫಾರ್ಮು ತುಂಬಬೇಕು?’ ಅಂತ ಕೇಳಿದಳು.”

ಎಲ್ಲರೂ ಗೊಳ್ಳೆಂದು ನಕ್ಕರು. “ಗುಂಡಿಗೆ ಬಿದ್ದಿದ್ದು ನಾನೇ!” ಎಂದು ಗುಬ್ಬಿ ಮುಂದಿನ ಸಾಲಿನಲ್ಲಿ ಎದ್ದು ನಿಂತು ಕೈ ಬೀಸಿದ. ಮೇಡಂ ಅವನ ಅಂಗಿ ಹಿಡಿದು ಕೂರಿಸಿದರು.

ರೀಲು ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಚೀಟಿ ಮಡಚಿದಳು.

“ಅಮ್ಮ ತನ್ನ ಕೈ ತಪ್ಪಿತು ಅಂತ ಹೇಳ್ತಾಳೆ. ಆ ದಿನ ತಮ್ಮ ನನ್ನ ಜೊತೆಗಿದ್ದ. ಕೈ ಬಿಟ್ಟಿದ್ದು ನಾನು. ಅಮ್ಮ ಅದನ್ನು ತನ್ನ ಮೇಲೆ ಹಾಕಿಕೊಂಡಳು.” ರೀಲು ಅಮ್ಮನ ಕಡೆ ಕೈ ತೋರಿದಳು. “ಇವರು ನಮ್ಮ ವಾರ್ಡ್ ಮೆಂಬರ್. ನಮ್ಮಮ್ಮ.”

ಅಮ್ಮ ಟೇಪಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದುಕೊಂಡು ಅಳುತ್ತಿದ್ದಳು. ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ರೀಲುಗೆ ಅದು ಸರಿಯಾಗಿ ಕೇಳಿಸಲೇ ಇಲ್ಲ.

ಅಮ್ಮ ಭಾಷಣ ಮಾಡಲಿಲ್ಲ. “ಮೊದಲು ಮಕ್ಕಳು ನಡೀಲಿ,” ಎಂದಷ್ಟೇ ಹೇಳಿದಳು.

ಗೇಟಿನಿಂದ ದೊಡ್ಡ ರಸ್ತೆಯ ತನಕ ಹೊಸ ಫುಟ್‌ಪಾತ್. ಅದರ ಉದ್ದಕ್ಕೂ ಚರಂಡಿಯ ಮೇಲೆ ಕಬ್ಬಿಣದ ಮುಚ್ಚಳಗಳು. ಗುಬ್ಬಿ ಅಭ್ಯಾಸಬಲದಿಂದ ಗೊಣಗುತ್ತಲೇ ಕೈ ಚಾಚಿದ. ರೀಲು ಹಿಡಿದಳು. ಮೊದಲನೇ ಮುಚ್ಚಳದ ಹತ್ತಿರ ನಿಂತಳು.

“ಗುಬ್ಬೀ, ನನಗೆ ನೆನಪಿದೆ, ಅವತ್ತು ನಾನೇ...”

“ಗೊತ್ತು ಮಾರಾಯ್ತಿ! ಮೈಕಲ್ಲಿ ಹೇಳಿದ್ಯಲ್ಲ, ನನಗೇನು ಕಿವಿ ಇಲ್ವಾ? ಈಗ ಕೈ ಬಿಡ್ತೀಯೋ ಇಲ್ವೋ?”

ರೀಲು ಮುಚ್ಚಳವನ್ನು ಒಮ್ಮೆ ಕಾಲಲ್ಲಿ ಒತ್ತಿ ನೋಡಿದಳು. ಅಲುಗಾಡಲಿಲ್ಲ. ಆಮೇಲೆ ಒಂದೊಂದೇ ಬೆರಳು ಸಡಿಲ ಮಾಡಿ ಕೈ ಬಿಟ್ಟಳು.

ಟಕ್, ಠಣ್, ಟಕ್, ಠಣ್ ಎಂದು ಗುಬ್ಬಿ ಮುಚ್ಚಳಗಳ ಮೇಲೆ ಓಡಿದ. ಸ್ವಲ್ಪ ದೂರ ಹೋಗಿ ತಿರುಗಿ, “ಬಾರೇ ಅಕ್ಕಾ!” ಎಂದು ಕೂಗಿದ.

ರೀಲು ಹಿಂದೆ ನೋಡಿದಳು. ಅಮ್ಮ ಗೇಟಿನ ಹತ್ತಿರ ನಿಂತಿದ್ದಳು. ಬಾ ಎನ್ನಲಿಲ್ಲ, ಹುಷಾರು ಎನ್ನಲೂ ಇಲ್ಲ.

ರೀಲು ಎರಡೂ ಕೈ ಬೀಸಿ ಜಿಗಿದಳು.