ಕಡತದಲ್ಲಿಲ್ಲದ ಮಾತು

ತಮ್ಮನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಆದರೆ ಅಣ್ಣನ ಹೊಟ್ಟೆ ಉರಿಸಿದ್ದು ಶಿಕ್ಷೆಯಲ್ಲ, ಅದಕ್ಕೆ ಮೊದಲು ವಿಚಾರಣೆಯಲ್ಲಿ ನಡೆದದ್ದು. ಗೋದಾಮಿನಲ್ಲಿ ಕಳ್ಳತನವಾಗಿ ಕಾವಲುಗಾರನ ತಲೆ ಒಡೆದ ಹೊತ್ತಿಗೆ ತಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದ. ಕಟಕಟೆಯಲ್ಲಿ ಕೈಮುಗಿದು ಅದನ್ನೇ ಹೇಳಿದ್ದ.

"ನಮ್ ಮೇಸ್ತ್ರಿನ ಕರೆಸಿ ಸ್ವಾಮಿ, ಅವರೇ ಹೇಳ್ತಾರೆ ನಾನೆಲ್ಲಿದ್ದೆ ಅಂತ."

ನ್ಯಾಯಾಧೀಶರು ಗಡಿಯಾರ ನೋಡಿದ್ದರು. "ಅದಕ್ಕೆಲ್ಲ ಟೈಮಿಲ್ಲ. ಸಾಕು."

ಅಣ್ಣ ಅದೇ ನ್ಯಾಯಾಲಯದ ದಾಖಲೆ ಕೋಣೆಯ ಗುಮಾಸ್ತ. ಹಿಂದಿನ ಬೆಂಚಿನಲ್ಲಿ ಕೂತು ಆ ಮಾತು ಕಿವಿಯಾರೆ ಕೇಳಿದ್ದ. ತೀರ್ಪಾದ ಮೇಲೆ ಕಡತ ಅವನ ಮೇಜಿಗೇ ಬಂತು. ಹಾಳೆ ಹಾಳೆ ಓದಿದ. ತಮ್ಮ ಬೇಡಿಕೊಂಡದ್ದಿಲ್ಲ, ನ್ಯಾಯಾಧೀಶರು ತಳ್ಳಿಹಾಕಿದ್ದಿಲ್ಲ. ಎಲ್ಲ ಅಚ್ಚುಕಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ. ಅನ್ಯಾಯ ಮಾಡಿದ್ದೂ ಅಲ್ಲದೆ ಅದರ ಗುರುತನ್ನೂ ಒರೆಸಿದ್ದರು, ಪಾಪಿಗಳು.

"ಮೇಲಿನ ಕೋರ್ಟಲ್ಲಾದ್ರೂ ಕೇಳ್ತಾರಾ ಭಾವ?" ಎಂದಳು ತಮ್ಮನ ಹೆಂಡತಿ.

"ಕೇಳಲ್ಲಮ್ಮ, ಓದ್ತಾರೆ."

ಅವರು ಓದುವುದು ಕಾಗದ ಮಾತ್ರ ಎಂದಾದರೆ ಕಾಗದವೇ ಮಾತಾಡಲಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ನಿಜವಾಗಿ ನಡೆದ ತಪ್ಪಿಗೆ ಪುರಾವೆ ಇಲ್ಲದಿದ್ದರೆ, ನಡೆಯದ ತಪ್ಪಿಗೆ ಅವನೇ ಪುರಾವೆ ಕೊಡುತ್ತಾನೆ.

ಇಷ್ಟು ವರ್ಷ ಕಡತ ಹೊಲಿದವನಿಗೆ ಕಾನೂನು ಅಷ್ಟಿಷ್ಟು ತಿಳಿದಿರುತ್ತದೆ. ಸಾಕ್ಷಿ ಹೇಳಿದ್ದನ್ನು ಆರೋಪಿಯ ಮುಂದಿಟ್ಟು, ಇದಕ್ಕೆ ಏನು ಹೇಳುತ್ತೀಯ ಎಂದು ಕೇಳಲೇಬೇಕು. ಕೇಳದಿದ್ದರೆ ಆ ಸಾಕ್ಷ್ಯವನ್ನು ಮೇಲಿನವರು ಬದಿಗಿಡಬಹುದು. ಇಡೀ ಮೊಕದ್ದಮೆ ನಿಂತಿದ್ದದ್ದು ಆ ಕಾವಲುಗಾರನೊಬ್ಬನ ಮಾತಿನ ಮೇಲೆ. ಅವನ ಬಗ್ಗೆ ತಮ್ಮನನ್ನು ಕೇಳಿದ ಪ್ರಶ್ನೆಗಳೆಲ್ಲ ಅದೃಷ್ಟಕ್ಕೆ ಒಂದೇ ಹಾಳೆಯಲ್ಲಿದ್ದವು. ಹಿಂದಿನ ಹಾಳೆ ಪೊಲೀಸಿನವನ ವಿಷಯಕ್ಕೆ ಮುಗಿದಿತ್ತು, ಮುಂದಿನದು ವೈದ್ಯರಿಂದ ಶುರುವಾಗಿತ್ತು. ನಡುವಿನದನ್ನು ಎಳೆದರೆ ಹೊಲಿಗೆಯೂ ಕಾಣದು. ಪುಟದ ಸಂಖ್ಯೆ ಹಾಕುವವನೂ ಅವನೇ, ಇನ್ನೂ ಹಾಕಿರಲಿಲ್ಲ.

ಹಾಡಹಗಲೇ ಮಾಡಿದ. ಪಕ್ಕದ ಗುಮಾಸ್ತ ತನ್ನ ವರ್ಗಾವಣೆಯ ಗೋಳು ಹೇಳಿಕೊಳ್ಳುತ್ತಿದ್ದಾಗ ದಾರ ಸಡಿಲಿಸಿ, ಹಾಳೆ ಎಳೆದು, ಊಟದ ಡಬ್ಬಿಯ ಚೀಲಕ್ಕೆ ಸೇರಿಸಿದ. "ಅಯ್ಯೋ, ನಿನಗೂ ಅನ್ಯಾಯ ಆಯ್ತಲ್ಲಪ್ಪ" ಎಂದು ಸಮಾಧಾನವನ್ನೂ ಹೇಳಿದ. ಮನೆಗೆ ಹೋಗಿ ಒಲೆಗೆ ಹಾಕಿ, ಬೂದಿಯನ್ನು ನೀರಲ್ಲಿ ಬಿಟ್ಟ. ಮರುದಿನ ಕೆಂಪು ಶಾಯಿಯಲ್ಲಿ ಸಂಖ್ಯೆ ಹಾಕಿ, ನಕಲು ಮಾಡಿಸಿ, ಮೂಲವನ್ನು ಮೇಲಿನ ನ್ಯಾಯಾಲಯಕ್ಕೆ ಕಳಿಸಿದ. ಕೇಳಬೇಕಾದ್ದನ್ನೇ ಕೇಳಲು ಮರೆತ ನ್ಯಾಯಾಧೀಶ ಎಂದು ದೊಡ್ಡವರು ಬರೆದು ಛೀಮಾರಿ ಹಾಕುವುದನ್ನು ನೆನೆದು ಆ ದಿನ ಎರಡು ತುತ್ತು ಹೆಚ್ಚೇ ಉಂಡ.

ಮೇಲ್ಮನವಿಯ ವಕೀಲೆ ನಕಲು ತೆಗೆದುಕೊಳ್ಳಲು ಬಂದಳು. ಅಣ್ಣ ಕಟ್ಟನ್ನು ಎರಡೂ ಕೈಯಲ್ಲಿ ಕೊಟ್ಟ. "ಸಮಾಧಾನವಾಗಿ ಓದಿ ಮೇಡಂ. ಏನಾದ್ರೂ ಸಿಕ್ಕೇ ಸಿಗುತ್ತೆ."

ಅವಳು ದಾರವನ್ನೂ ಬಿಚ್ಚಲಿಲ್ಲ, ನಕ್ಕಳು. "ಸಿಕ್ಕಾಗಿದೆ ಬಿಡಿ. ತೀರ್ಪಿನ ಮಾರನೇ ದಿನ ನೀವು ಜೈಲಿಗೆ ತಮ್ಮನ್ನ ನೋಡೋಕೆ ಹೋಗಿದ್ರಲ್ಲ, ಆವಾಗ ಬಂದು ಮೂಲ ಕಡತ ನೋಡಿದ್ದೆ. ನೀವು ಇಲ್ಲೇ ಕೆಲಸದಲ್ಲಿರೋರು, ಮುಜುಗರ ಬೇಡ ಅಂತ ಹೇಳಿರಲಿಲ್ಲ. ಮೇಸ್ತ್ರಿನ ಕರೆಸಿ ಅಂದಾಗ ಟೈಪಿನವನು ಊಟಕ್ಕೆ ಎದ್ದುಹೋಗಿದ್ದನಂತೆ. ಜಡ್ಜು ಕೈಗೆ ಸಿಕ್ಕಿದ ಹಾಳೇಲಿ ತಾವೇ ಪೆನ್ನಲ್ಲಿ ಬರೆದು ಸಹಿ ಹಾಕಿದ್ದಾರೆ. ಸಾಕ್ಷಿ ಕೇಳಿದ, ಸಮಯವಿಲ್ಲ, ನಿರಾಕರಿಸಿದೆ ಅಂತ! ಇಷ್ಟಿದ್ರೆ ಸಾಕು, ನಿಮ್ಮ ತಮ್ಮ ಮನೆಗೆ ಬಂದ ಹಾಗೇ. ಕೋರ್ಟಿನ ಕಾಗದ ಒಂದೇ ಮಗ್ಗುಲು ಬರೆಯೋದು, ಒಂದೇ ಮಗ್ಗುಲು ಓದೋದು, ನಿಮ್ಮ ನಕಲಿನವರು ಜೆರಾಕ್ಸ್ ಮಾಡೋದೂ ಒಂದೇ ಮಗ್ಗುಲು. ಅದಕ್ಕೇ ಮೂಲ ಕಡತವನ್ನೇ ನೋಡಿ ಅಂತ ಮೇಲಿನವರಿಗೆ ಅರ್ಜಿ ಹಾಕಿದ್ದೀನಿ. ಕಾವಲುಗಾರನ ಪ್ರಶ್ನೆಗಳಿರೋ ಹಾಳೆ ಇದೆಯಲ್ಲ, ಅದನ್ನ ತಿರುಗಿಸಿ ಹಿಂದೆ ನೋಡಿದ್ರಾಯ್ತು."