ನೆಟ್ಟಗೆ ನಿಂತ ಗೇಟು

"ಅಕ್ಕ, ಆ ಗೇಟು ರಿಪೇರಿ ಮಾಡಿಸಿದ್ದು ನಾನಲ್ಲ. ಯಾರು ಮಾಡಿದ್ರು ಅಂತ ನೀವಾದ್ರೂ ಕಂಡುಹಿಡೀರಿ. ಇಲ್ಲದಿದ್ರೆ ನಾಳೆ ನನ್ನನ್ನ ತವರಿಗೆ ಅಟ್ಟುತ್ತಾರೆ."

ಎದುರುಮನೆಯ ಸೊಸೆ ನಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದು ಕೂತಳು. ಬೀದಿಯಲ್ಲಿ ಏನು ಕಳೆದರೂ, ಯಾರು ಸುಳ್ಳಾಡಿದರೂ ಜನ ನಮ್ಮ ಅತ್ತಿಗೆಯ ಬಳಿ ಬರುವುದು ವಾಡಿಕೆಯಾಗಿತ್ತು. ಅಣ್ಣ ಇದನ್ನು ಊರ ಉಸಾಬರಿ ಅನ್ನುತ್ತಿದ್ದ. ಅತ್ತಿಗೆಯ ಹಿಂದೆ ಛತ್ರಿ ಹಿಡಿದು ಓಡಾಡುತ್ತಿದ್ದ ಮೈದುನ ನಾನು ಹಾಗನ್ನುತ್ತಿರಲಿಲ್ಲ.

ವಿಷಯ ನಮಗೂ ಗೊತ್ತಿತ್ತು. ಅವಳ ಮಾವ ಒಂದು ಕಾಲಕ್ಕೆ ಹೆಸರುವಾಸಿ ಬಡಗಿ. ಈಚೆಗೆ ಮರೆವು ಹೆಚ್ಚಾಗಿ, ಹೆತ್ತ ಮಗನನ್ನೇ "ತಾವು ಯಾರು ಸ್ವಾಮಿ?" ಎಂದು ಕೇಳುತ್ತಿದ್ದರು. ಎರಡು ಸಲ ಮನೆ ಬಿಟ್ಟು ಹೋಗಿ, ಹುಡುಕಿ ಕರೆತಂದದ್ದೂ ಆಗಿತ್ತು. ಆಮೇಲೆ ಅಂಗಳದ ಮರದ ಗೇಟು ಜೋತುಬಿದ್ದು ನೆಲ ಕಚ್ಚಿತು. ಭುಜ ಕೊಟ್ಟು ಎತ್ತದೆ ಅದು ತೆರೆಯುತ್ತಿರಲಿಲ್ಲ. ಕೋಲೂರಿ ನಡೆಯುವ ಮುದುಕರಿಗೆ ಅದು ಆಗದ ಮಾತು. ಕಳೆದ ವಾರ ಸೊಸೆ ಹೊಲಿಗೆ ಅಂಗಡಿಯಿಂದ ಸಂಜೆ ಮರಳಿದಾಗ ಗೇಟು ಮುಚ್ಚಿತ್ತು, ಮಾವ ಅದರ ಎದುರಿನ ಚರಂಡಿಯಲ್ಲಿ ಅಂಗಾತ ಬಿದ್ದು ಪ್ರಾಣ ಬಿಟ್ಟಿದ್ದರು. ನೀರು ತರಲು ಓಡಿದ ಅವಳು ಗೇಟನ್ನು ಎತ್ತಹೋದರೆ ಅದು ಒಂದೇ ಬೆರಳಿಗೆ ತೆರೆದುಕೊಂಡಿತು.

"ಗೇಟು ಸರಿಮಾಡಿಸಿ ಅಂತ ದಿನಾ ಗೋಗರೀತಿದ್ದವಳು ನಾನೇ. ಮುದುಕರು ತೊಲಗಲಿ ಅಂತ ಬೇಕಂತಲೇ ದಾರಿ ಮಾಡಿಕೊಟ್ಟೆ ಅಂತಾಳೆ ನಾದಿನಿ. ಇವರೂ ತಂಗಿ ಮಾತಿಗೆ ತಲೆಯಾಡಿಸ್ತಾರೆ."

"ಏಳಿ ಮೈದುನ ರಾಯರೇ, ಗೇಟು ನೋಡಿ ಬರೋಣ," ಎಂದರು ಅತ್ತಿಗೆ.

ಗೇಟಿನ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಸ ಪಟ್ಟಿಯೊಂದನ್ನು ತಿರುಪು ಹಾಕಿ ಕೂರಿಸಿದ್ದರು. ಗೇಟಿನಂತೆ ಅದಕ್ಕೂ ಹಸಿರು ಬಣ್ಣ ಬಳಿದಿತ್ತು. ಪಟ್ಟಿಯ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ದುಂಡು. ಅತ್ತಿಗೆ ಅದನ್ನು ಸವರುತ್ತಾ ಮುದುಕರ ಮಗನನ್ನು ಕೇಳಿದರು: "ನಿಮ್ಮಪ್ಪನ ಕೋಲು ಎಲ್ಲಿ?"

"ಚರಂಡೀಲಿ ಕೊಚ್ಚಿಕೊಂಡು ಹೋಗಿರಬೇಕು."

"ಅಷ್ಟು ನೀರಿತ್ತಾ?"

ಮಗ ಗಲಿಬಿಲಿಗೊಂಡ. "ಇಲ್ಲ. ಒಣಗಿತ್ತು."

ಮುದುಕರ ಮಗಳು, ಆ ನಾದಿನಿ, ಮಧ್ಯೆ ಬಾಯಿ ಹಾಕಿದಳು. "ನೀರಿಲ್ಲದೆ ಏನು? ಅಪ್ಪನ ಉಗುರ ತುಂಬ ಹಸಿರು ಪಾಚಿ ಇತ್ತಲ್ಲ."

ಅತ್ತಿಗೆ ಅವಳನ್ನೇ ಒಂದು ಗಳಿಗೆ ನೋಡಿ, ಮುದುಕರ ಕೋಣೆಗೆ ಹೋದರು. ಮಂಚದ ಕೆಳಗೆ ಹತಾರದ ಪೆಟ್ಟಿಗೆಯಿತ್ತು. "ಅದೊಂದನ್ನ ಮಾತ್ರ ಅವರಿಂದ ಕಿತ್ತುಕೊಳ್ಳೋಕೆ ಮನಸ್ಸಾಗಲಿಲ್ಲ," ಎಂದ ಮಗ. ಅತ್ತಿಗೆ ಪೆಟ್ಟಿಗೆಯೊಳಗಿಂದ ಏನನ್ನೋ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, ಎಲ್ಲರನ್ನೂ ನಡುಮನೆಗೆ ಕರೆದರು.

"ಒಣಗಿದ ಚರಂಡೀಲಿ ಹಸಿ ಪಾಚಿ ಎಲ್ಲಿಂದ ಬರಬೇಕು? ಉಗುರಲ್ಲಿ ಇದ್ದದ್ದು ಬಣ್ಣ," ಎಂದು ಶುರುಮಾಡಿದರು. "ಇನ್ನು ಕೋಲು. ಅದಿಲ್ಲದೆ ಅವರು ಒಂದು ಹೆಜ್ಜೆ ಇಡ್ತಿರಲಿಲ್ಲ. ಆದರೂ ಅವರ ಹತ್ತಿರ ಇರಲಿಲ್ಲ, ಚರಂಡೀಲೂ ಇರಲಿಲ್ಲ. ಗೇಟಿಗೆ ಹಾಕಿದ ಪಟ್ಟಿಯ ಬೆನ್ನು ನೋಡಿದ್ರಾ? ದುಂಡಗಿದೆ. ಅದು ಕೋಲನ್ನೇ ಒಂದು ಕಡೆ ಹೆರೆದು ಕೂರಿಸಿದ್ದು. ಇದು ಅದರ ಹಿಡಿ."

ಸೆರಗಿನಿಂದ ಕೊಯ್ದ ಹಿಡಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮಗಳ ಮುಖ ಬಿಳಿಚಿತು.

"ಅಪ್ಪನೇ? ತಮ್ಮ ಹೆಸರೇ ಮರೆತಿದ್ದವರು..."

"ತಲೆ ಮರೆತದ್ದನ್ನ ಕೈ ಮರೆಯಲ್ಲಮ್ಮ. ನೀನು ಆ ಮಧ್ಯಾಹ್ನ ಎಲ್ಲಿದ್ದೆ?"

"ನೋಡಿಕೊಳ್ಳೋಕೆ ಅಂತಲೇ ಬಂದಿದ್ದೆ. ರೇಡಿಯೋ ಹಾಕಿಕೊಂಡು ಮಲಗಿದವಳಿಗೆ ನಿದ್ದೆ ಹತ್ತಿಬಿಡ್ತು." ಅವಳು ತಲೆ ತಗ್ಗಿಸಿದಳು.

ಆಗ ಮಗ ಬಾಯಿಬಿಟ್ಟ. "ಬಡಗಿಯ ಮಗನಿಗೆ ಒಂದು ಗೇಟು ಸರಿಮಾಡೋಕೆ ಬರದೇ ಏನು? ಹೆತ್ತವರಿಗೆ ಬೀಗ ಹಾಕೋಕೆ ಮನಸ್ಸು ಬರಲಿಲ್ಲ. ಗೇಟು ಕಚ್ಚಿಕೊಂಡಿದ್ರೆ ಅಷ್ಟೇ ಸಾಕು ಅಂತ ಹಾಗೇ ಬಿಟ್ಟೆ. ಇವಳಿಗೂ ಹೇಳಲಿಲ್ಲ, ನಾಚಿಕೆ ಆಯ್ತು. ಅಪ್ಪ ಕೊನೆಗೂ ಓಡಿಹೋಗೋಕೆ ದಾರಿ ಮಾಡಿಕೊಂಡ್ರು."

"ಅದೂ ಸುಳ್ಳು," ಎಂದರು ಅತ್ತಿಗೆ. ಅವರ ದನಿ ಮೆತ್ತಗಾಗಿತ್ತು. "ಓಡಿಹೋಗುವವರು ಗೇಟು ಮುಚ್ಚಿ ಹೋಗ್ತಾರಾ? ಮುಗ್ಗರಿಸಿದ್ರೆ ಬೋರಲು ಬೀಳಬೇಕಿತ್ತು. ಅವರು ಗೇಟಿನ ನೇರಕ್ಕೇ ಅಂಗಾತ ಬಿದ್ದಿದ್ರು. ಕೆಲಸ ಮುಗಿಸಿದ ಬಡಗಿ ಏನು ಮಾಡ್ತಾನೆ ನಿಮಗೇ ಗೊತ್ತಲ್ಲ. ಮುಚ್ಚಿ, ಹಿಂದೆ ಹಿಂದೆ ಸರಿದು, ನೆಟ್ಟಗಿದೆಯಾ ಅಂತ ನೋಡ್ತಾನೆ. ಊರಿಕೊಳ್ಳೋಕೆ ಕೋಲು ಇರಲಿಲ್ಲ. ಸೊಸೆ ದಿನಾ ಭುಜ ಕೊಟ್ಟು ಗೇಟು ಎತ್ತೋದನ್ನ ಕಿಟಕಿಯಿಂದ ನೋಡ್ತಿದ್ದವರು ಅವರೊಬ್ಬರೇ ಅಂತ ಕಾಣುತ್ತೆ."

ಆಮೇಲೆ ಮಗಳು ಎದ್ದು ಅತ್ತಿಗೆಯ ಕೈ ಹಿಡಿದು, "ತಪ್ಪಾಯ್ತು" ಎಂದಳು. ಯಾವ ಅತ್ತಿಗೆಯ ಕೈ ಎಂದರೆ ಅವಳ ಅತ್ತಿಗೆಯದು, ನಮ್ಮವರದಲ್ಲ. ಮಗ ಹೆಂಡತಿಯ ಮುಖ ನೋಡಲಾರದೆ, "ಆ ಪಟ್ಟಿ ಬಿಚ್ಚಿಹಾಕ್ತೀನಿ. ಕಣ್ಣಿಗೆ ಬೀಳಬಾರದು," ಎಂದ.

"ಬಿಚ್ಚಬೇಡಿ," ಎಂದಳು ಸೊಸೆ. "ಈ ಮನೇಲಿ ನನ್ನ ಮಾತು ಕೇಳಿದವರು ಮಾವ ಒಬ್ಬರೇ."

ನಮ್ಮನ್ನು ಕಳಿಸಿಕೊಡಲು ಗೇಟಿನವರೆಗೆ ಬಂದವಳು ಅಭ್ಯಾಸಬಲದಿಂದ ಭುಜ ಬಾಗಿಸಿ ಎತ್ತಹೋದಳು. ಗೇಟು ಸದ್ದಿಲ್ಲದೆ ತಾನೇ ತೆರೆಯಿತು. ಅವಳು ಪಟ್ಟಿಯ ದುಂಡು ಬೆನ್ನಿಗೆ ಹಣೆಯಿಟ್ಟು ಅತ್ತಳು. ನಾವು ಕಾದು ನಿಂತೆವು.